ಬದುಕಿದ್ದಾಗಲೇ ಗೋಡೆಗೇರಿದ ಮುಖ

ಜಕಾರ್ತದ ಮೆಂತೆಂಗ್ ಬಡಾವಣೆಯ ಹಳೆಯ ಮನೆಯೊಂದರಲ್ಲಿ, ಗೋಡೆಯ ಮೇಲಿದ್ದ ಹೆಂಗಸಿನ ವರ್ಣಚಿತ್ರವನ್ನು ನೋಡಿ, 'ಇವರು ತೀರಿಕೊಂಡು ಎಷ್ಟು ವರ್ಷವಾಯಿತು?' ಎಂದು ಯಜಮಾನರನ್ನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ, ಚಿತ್ರದಲ್ಲಿದ್ದಾಕೆಯೇ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದರು. ಆ ನಾಚಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಯಜಮಾನರು ಇಂಡೊನೇಷ್ಯಾದ ವಿದೇಶಾಂಗ ಸೇವೆಯಲ್ಲಿದ್ದು ನಿವೃತ್ತರಾದವರು. ಹೋದ ದೇಶಗಳಿಗೆಲ್ಲ ತಮ್ಮ ನಾಡಿನ ಚಿತ್ರಗಳನ್ನು ಹೊತ್ತೊಯ್ದು ಹೊತ್ತು ತಂದವರು. ಈ ಚಿತ್ರವನ್ನು ಬರೆದವರು ಇಂಡೊನೇಷ್ಯಾದ ಹೆಸರಾಂತ ಚಿತ್ರಕಾರ ಅಫಂದಿಯ ಹಾದಿ ಹಿಡಿದ, ಜಾವಾದ ಯೋಗ್ಯಕಾರ್ತಾ ನಗರದ ಕಲಾವಿದರು. ಅಫಂದಿಯಂತೆಯೇ ಬಣ್ಣವನ್ನು ಟ್ಯೂಬಿನಿಂದ ನೇರವಾಗಿ ಕ್ಯಾನ್ವಾಸಿನ ಮೇಲೆ ಹಿಂಡಿ ಬೆರಳಲ್ಲಿ ಎಳೆದಿದ್ದಾರೆ. ಹತ್ತಿರ ಹೋದರೆ ಗಟ್ಟಿಯಾಗಿ ಒಣಗಿದ ಹಸಿರು, ಹಳದಿ ಏಣುಗಳು ಮಾತ್ರ, ಕೆನ್ನೆಯ ಜಾಗದಲ್ಲೊಂದು ಹೆಬ್ಬೆರಳ ಗುರುತು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನಿದ್ದೆಗೆಟ್ಟ ಕಣ್ಣು, ಬಿಗಿದ ತುಟಿ. ಆ ವಾರ ಮಗುವಿಗೆ ಜ್ವರವಿತ್ತಂತೆ. ಕಲಾವಿದರು ಅದನ್ನು ಮರೆಮಾಚಲಿಲ್ಲ, ಆಕೆಯೂ ಮರೆಮಾಚಿ ಎನ್ನಲಿಲ್ಲ. 1938ರಲ್ಲಿ ಗೆಳೆಯರೊಡನೆ ಕಲಾವಿದರ ಸಂಘ ಕಟ್ಟಿದ ಅಲ್ಲಿನ ಚಿತ್ರಕಾರ ಸುಜೋಜೊನೊ, ಅಂದವಾದ ಗದ್ದೆ, ಬೆಟ್ಟಗಳ ಚಿತ್ರಗಳಿಂದ ಬೇಸತ್ತು, ಚಿತ್ರದಲ್ಲಿ 'ಜಿವಾ ಕೆತೋಕ್' ಇರಬೇಕು, ಅಂದರೆ ಜೀವ ಕಾಣಬೇಕು ಎಂದದ್ದು ಇಂಥದ್ದಕ್ಕೇ ಇರಬೇಕು.

ನಮ್ಮಲ್ಲಿ ಗೋಡೆ ಹತ್ತಬೇಕಾದರೆ ಸಾಯಬೇಕು. ಸಾಗರದ ನಮ್ಮ ಮನೆಯಲ್ಲಿರುವ ಅಜ್ಜಿಯ ಫೋಟೋ, ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದು. ಸ್ಟುಡಿಯೋದವರು ಸುಕ್ಕುಗಳನ್ನು ಅಳಿಸಿದ್ದರಿಂದ ಅದು ಅಜ್ಜಿಯೇ ಅಲ್ಲ. ಅಮ್ಮನಿಗೆ ಫೋನು ಮಾಡಿ, 'ನಿನ್ನ ಚಿತ್ರ ಬರೆಸೋಣ, ಒಂದು ದಿನ ಕೂತುಕೊಳ್ಳುತ್ತೀಯಾ?' ಎಂದರೆ, 'ಬಿಡ್ತು ಅನ್ನು' ಎಂದು ಗದರಿದಳು. ಮೈಸೂರಿನ ಜಗನ್ಮೋಹನ ಅರಮನೆಯ ಹೆಸರಾಂತ ವರ್ಣಚಿತ್ರದಲ್ಲಿ ದೀಪ ಹಿಡಿದು ನಿಂತವರು, ಅದನ್ನು ಬರೆದ ಹಲ್ದಣಕರರ ಮಗಳು. ನೂರು ದಾಟಿ 2018ರವರೆಗೂ ಬದುಕಿದ್ದರು. ನಾವು ಸಾಲುಸಾಲಾಗಿ ಹೋಗಿ ದೀಪದ ಬೆಳಕನ್ನು ಮೆಚ್ಚಿದೆವು, ಚಿತ್ರ ರವಿವರ್ಮನದೆಂದೂ ಹೇಳಿಕೊಂಡೆವು. ಆಕೆ ಯಾರು ಎಂದು ಕೇಳಿದವರು ಎಷ್ಟು ಮಂದಿ? ಜೀವಂತ ಮುಖವನ್ನು ದಿಟ್ಟಿಸಿ ನೋಡುವ ಧೈರ್ಯ ನಮಗಿಲ್ಲವೆಂದೇ ನನಗನ್ನಿಸುತ್ತದೆ.

ಇದನ್ನೆಲ್ಲ ಎರಡನೆಯ ಭೇಟಿಯಲ್ಲಿ ಆವೇಶದಿಂದಲೇ ಹೇಳಿದೆ. ಯಜಮಾನರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅದೇ ಬಡಾವಣೆಯಲ್ಲಿದ್ದ ಆದಮ್ ಮಲಿಕ್ ಅವರ ಮನೆಯ ಮಾತೆತ್ತಿದರು. ಮಾಸ್ಕೋದಲ್ಲಿ ರಾಯಭಾರಿ, ಆಮೇಲೆ ವಿದೇಶಾಂಗ ಸಚಿವ, 1971ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷ, ಕೊನೆಗೆ ದೇಶದ ಉಪಾಧ್ಯಕ್ಷ. ಪಿಂಗಾಣಿ, ರಷ್ಯಾದ ದೇವರ ಪಟಗಳು ಎಂದು ಬದುಕಿಡೀ ಕೂಡಿಟ್ಟವರು. 1984ರಲ್ಲಿ ಅವರು ತೀರಿಕೊಂಡ ಮರುವರ್ಷ ಮನೆಯೇ ಸಂಗ್ರಹಾಲಯವಾಯಿತು. ಈಗ ಅದು ಮುಚ್ಚಿದೆ, ಸಂಗ್ರಹ ಚೆದುರಿಹೋಗಿದೆ.

'ನಮ್ಮ ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ' ಎಂದರು ಗೋಡೆಯ ಚಿತ್ರದಲ್ಲಿದ್ದಾಕೆ. ನಾನು ಸುಮ್ಮನಿದ್ದೆ. ಆಮೇಲೆ ಅವರೇ ಕೇಳಿದರು: 'ನಿಮ್ಮ ಅಜ್ಜಿಯ ಫೋಟೋದ ಧೂಳು ಒರೆಸುವವರು ಯಾರು?'

'ಪ್ರತಿ ಶುಕ್ರವಾರ ಅತ್ತಿಗೆ ಒರೆಸಿ, ಹಣೆಗೆ ಕುಂಕುಮವಿಟ್ಟು ಹೂ ಮುಡಿಸುತ್ತಾರೆ, ಅಮ್ಮಾ. ಅತ್ತಿಗೆ ಅಜ್ಜಿಯನ್ನು ಕಂಡವರೇ ಅಲ್ಲ' ಎಂದೆ.

ಅವರು ಲೋಟವನ್ನು ಕೆಳಗಿಟ್ಟು, ತಮ್ಮ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕುಳಿತರು.