ಸುಂಕದವನ ಮುಂದೆ ಕಾಚಂಪುಳಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆಯನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೊರಟರೂ ಒಂದು ಗೇಟು ಅಡ್ಡ ಬರುತ್ತದೆ. ಮಂಗಳೂರಿನ ಕಡೆಗೆ ಸಂಪಾಜೆ, ಕೇರಳಕ್ಕೆ ಮಾಕುಟ್ಟ, ಹುಣಸೂರಿಗೆ ಹೋಗುವ ಕಾಡುದಾರಿಯಲ್ಲಿ ಆನೆಚೌಕೂರು. ಡಿಕ್ಕಿ ತೆಗೆಯಿರಿ, ಚೀಲದಲ್ಲೇನು, ಎಲ್ಲಿಗೆ, ಯಾಕೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಪಳಗಿದ ನಾಲಿಗೆ ನಮ್ಮದು. ಹಾಗಾಗಿ ಮಗಳು ಆಕ್ಲೆಂಡಿನಿಂದ ಫೋನ್ ಮಾಡಿ, "ಅಪ್ಪಾ, ನ್ಯೂಜಿಲೆಂಡಿನ ಕಸ್ಟಮ್ಸ್ ಬಹಳ ಬಿಗಿ, ಹುಷಾರು" ಎಂದಾಗ ನನಗೆ ನಗು ಬಂತು.

ಅವಳು ಹೇಳಿದ ಮೊದಲ ಕೆಲಸ ಬೂಟು ತೊಳೆಯುವುದು. ಅದು ತೋಟಕ್ಕೆ ಹಾಕುವ ಬೂಟಲ್ಲ, ಬೆಳಗಿನ ನಡಿಗೆಗೆಂದು ಕೊಂಡದ್ದು. ಆದರೆ ಸುಂಟಿಕೊಪ್ಪದ ಬಳಿ ಕಾಫಿ ತೋಟದ ನಡುವೆಯೇ ಮನೆ ಇರುವವನಿಗೆ ತೋಟದ ಬೂಟು, ಪೇಟೆಯ ಬೂಟು ಎಂಬ ಭೇದ ಮಳೆಗಾಲದ ಎರಡನೆಯ ದಿನಕ್ಕೇ ಅಳಿಸಿಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಜಗಲಿಯ ಅಂಚಿನಲ್ಲಿ ಕುಳಿತೆ. ಅಟ್ಟೆಯ ಗೀರುಗಳಲ್ಲಿ ಮಣ್ಣು ಇಟ್ಟಿಗೆಯಂತೆ ಕಚ್ಚಿಕೊಂಡಿತ್ತು. ಸೇಫ್ಟಿ ಪಿನ್ನಿನಿಂದ ಕೆದಕಿದರೆ ಸಿಲ್ವರ್ ಓಕ್ ಎಲೆಯ ಚೂರು, ಕಾಫಿಯ ಹೊಟ್ಟು, ಕೊನೆಗೆ ದಾರದ ತುಂಡಿನಂತೆ ಒಣಗಿದ ಒಂದು ಜಿಗಣೆ. ಪಾಪ, ಅದಕ್ಕೆ ವಿದೇಶ ಪ್ರಯಾಣದ ಯೋಗ ಸ್ವಲ್ಪದರಲ್ಲಿ ತಪ್ಪಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, "ಮನೆಯೊಳಗೆ ಬರುವಾಗ ಒಂದು ದಿನವೂ ಇಷ್ಟು ತೊಳೆದದ್ದು ಕಾಣೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ಘೋಷಣಾ ಪತ್ರ. ಕಳೆದ 30 ದಿನಗಳಲ್ಲಿ ನೀವು ಕಾಡುಪ್ರದೇಶಕ್ಕೆ ಹೋಗಿದ್ದೀರಾ? ಸಾಕಿದ ನಾಯಿ ಬೆಕ್ಕುಗಳನ್ನು ಬಿಟ್ಟು ಬೇರೆ ಪ್ರಾಣಿಗಳ ಸಂಪರ್ಕಕ್ಕೆ ಬಂದಿದ್ದೀರಾ? ಬೆಳೆ ಬೆಳೆಯುವ ಜಾಗಕ್ಕೆ ಭೇಟಿ ಕೊಟ್ಟಿದ್ದೀರಾ? ಭೇಟಿಯಂತೆ! ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಮೆಣಸಿನ ಬಳ್ಳಿ ಸಿಗುವ ಮನೆಯಲ್ಲಿ ಕುಳಿತು ಇದಕ್ಕೆ ಏನೆಂದು ಬರೆಯುವುದು? ಹೊರಡುವ ಹಿಂದಿನ ವಾರವಷ್ಟೇ ಹಲಸಿನ ಹಣ್ಣಿನ ವಾಸನೆ ಹಿಡಿದು ಬಂದ ಆನೆಯೊಂದು ನಮ್ಮ ಬೇಲಿಯ ಎರಡು ಕಂಬ ಮುರಿದು ಹೋಗಿತ್ತು. ಅದು ನನ್ನನ್ನು ಸಂಪರ್ಕಿಸಿತ್ತೇ ಹೊರತು ನಾನು ಅದನ್ನಲ್ಲ. ಆದರೂ ತಕರಾರು ಬೇಡವೆಂದು ಎಲ್ಲಕ್ಕೂ 'ಹೌದು' ಎಂದು ಗುರುತು ಹಾಕಿದೆ.

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಮೊದಲು ಎದುರಾದದ್ದು ಒಂದು ಪುಟ್ಟ ಬೀಗಲ್ ನಾಯಿ. ಸಾಲಿನುದ್ದಕ್ಕೂ ಮೂಸುತ್ತಾ ಬಂದು ನನ್ನ ಚೀಲದ ಪಕ್ಕದಲ್ಲಿ, ನೆಂಟರ ಮನೆಯ ಜಗಲಿಯಲ್ಲಿ ಕುಳಿತಂತೆ, ಕುಳಿತೇಬಿಟ್ಟಿತು. ಬೊಗಳಲಿಲ್ಲ, ಎಳೆಯಲಿಲ್ಲ. ಬೊಗಳಿದ್ದರೇ ವಾಸಿಯಿತ್ತು.

ಮೇಜಿನ ಆಚೆ ನಿಂತಿದ್ದ ಅಧಿಕಾರಿಣಿ ಬೂಟನ್ನು ತಿರುಗಿಸಿ ಅಟ್ಟೆ ನೋಡಿ ತಲೆಯಾಡಿಸಿದಳು. ಹುರಿದು ಪುಡಿ ಮಾಡಿದ ಕಾಫಿ ಸುಲಭವಾಗಿ ಪಾರಾಯಿತು. ಕಾಚಂಪುಳಿಯ ಶೀಸೆ ಬಂದಾಗ ಅವಳ ಕೈ ನಿಂತಿತು. ಡಾಂಬರಿನಂತೆ ಕಪ್ಪಗೆ, ಮಂದವಾಗಿ, ಓರೆ ಮಾಡಿದರೆ ಮನಸ್ಸಿಲ್ಲದ ಮನಸ್ಸಿನಿಂದ ಹರಿಯುವ ಆ ದ್ರವ ಏನೆಂದು ಕೇಳಿದಳು. ಕಾಡುಹಣ್ಣಿನ ರಸವನ್ನು ಕುದಿಸಿ ಕುದಿಸಿ ಇಳಿಸಿದ ಹುಳಿ, ನಮ್ಮಲ್ಲಿ ಹಂದಿಮಾಂಸಕ್ಕೆ ಹಾಕುತ್ತೇವೆ ಎಂದೆ. ಇಷ್ಟು ಹೇಳಿದ್ದರೆ ಸಾಕಿತ್ತು. ನಾನೋ, ಅದಿಲ್ಲದ ಪಂದಿ ಕರಿ ಪಂದಿ ಕರಿಯೇ ಅಲ್ಲ ಎಂದು ಸೇರಿಸಿದೆ. "ಮಾಂಸ ತಂದಿದ್ದೀರಾ?" ಎಂದು ನೆಟ್ಟಗಾದಳು. ಇಲ್ಲ ತಾಯಿ, ಹುಳಿ ಮಾತ್ರ. ಮುಚ್ಚಳ ತೆರೆದು ಮೂಗಿನ ಹತ್ತಿರ ಒಯ್ದಳು. ಕಣ್ಣಲ್ಲಿ ನೀರೂರಿತು. "ವಿನೆಗರ್" ಎಂದು ತೀರ್ಪು ಕೊಟ್ಟು ಮುಚ್ಚಳವನ್ನು ಎರಡು ಸಲ ಬಿಗಿಮಾಡಿದಳು.

ಜೇನು ಮಾತ್ರ ಉಳಿಯಲಿಲ್ಲ. ಮೊಮ್ಮಗನ ಕೆಮ್ಮಿಗೆಂದು ಹೆಂಡತಿ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಪುಟ್ಟ ಶೀಸೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ಡಾಲರ್ ದಂಡ. ತಂದಿದ್ದೇನೆಂದು ಮೊದಲೇ ಬರೆದಿದ್ದರಿಂದ ದಂಡವಿಲ್ಲ, ಜೇನೂ ಇಲ್ಲ. ಮನೆಮದ್ದು, ಮಗು, ಅಜ್ಜಿಯ ಪ್ರೀತಿ ಎಂದು ಸುಖದುಃಖವನ್ನೆಲ್ಲ ತೋಡಿಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡಳು, 'ಸಾರಿ' ಎಂದಳು, ಶೀಸೆಯನ್ನು ತೊಟ್ಟಿಗೆ ಹಾಕಿದಳು. ಗಾದೆ ಸಮುದ್ರ ದಾಟಿಯೂ ನಿಂತಿತು.

ಸಿಟ್ಟು ಮಗಳ ಮನೆ ತಲುಪುವವರೆಗೂ ಇತ್ತು. ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನಮ್ಮ ಹಿತ್ತಿಲಿನ ಜೇನುಪೆಟ್ಟಿಗೆಗಳು ನೆನಪಾದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಗುಡಿಸಿಹಾಕಿದಾಗ ನಮ್ಮ ಪೆಟ್ಟಿಗೆಗಳೂ ಬರಿದಾದವು. ಮುಚ್ಚಳ ಎತ್ತಿದರೆ ಮರಿಹುಳುಗಳು ನೀರು ತುಂಬಿದ ಚೀಲಗಳಂತೆ ಊದಿ ಸತ್ತಿದ್ದವು. ಅಪ್ಪ ಪೆಟ್ಟಿಗೆಗಳನ್ನು ಒಂದೊಂದಾಗಿ ಮಗುಚಿಟ್ಟು ಎರಡು ದಿನ ಮಾತಾಡಿರಲಿಲ್ಲ. ಆಫ್ರಿಕಾ ಮೂಲದ ಬೆರ್ರಿ ಬೋರರ್ ಎಂಬ ಕೀಟ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು, ನಂತರ ನಮ್ಮ ಕಾಫಿ ಹಣ್ಣಿಗೂ ತೂತು ಕೊರೆಯಿತು. ಯಾವ ಚೀಲದಲ್ಲಿ, ಯಾರ ಬೂಟಿನಲ್ಲಿ ಬಂತೋ! ಅಂಥವನೊಬ್ಬನ ಪಕ್ಕದಲ್ಲಿ ಬೀಗಲ್ ಕುಳಿತಿದ್ದರೆ ಚೆನ್ನಾಗಿತ್ತು.

ಆದರೆ ಕಾಫಿ ಬೆಳೆಗಾರನಾದ ನಾನು ಈ ಮಾತನ್ನು ಬಹಳ ಗಟ್ಟಿಯಾಗಿ ಹೇಳುವಂತಿಲ್ಲ. ಬಾಬಾ ಬುಡನ್ ಯೆಮೆನ್ನಿನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣದಲ್ಲಿ ಬಿತ್ತಿದರೆಂಬ ಕಥೆ ಎಲ್ಲರಿಗೂ ಗೊತ್ತು. ಅಲ್ಲಿಂದ ಮೊಳೆಯುವ ಬೀಜ ಹೊರಗೆ ಒಯ್ಯುವಂತಿರಲಿಲ್ಲವಂತೆ. ಅಂದರೆ ನಮ್ಮ ಅನ್ನವೆಲ್ಲ ಘೋಷಣಾ ಪತ್ರದಲ್ಲಿ ಬರೆಯದೆ ತಂದ ಸಾಮಾನಿನಿಂದಲೇ ಹುಟ್ಟಿದ್ದು.

ಪರದೇಶವೆಂದರೆ ಸಮುದ್ರ, ಜ್ವಾಲಾಮುಖಿ ಎಂದುಕೊಂಡು ಹೋದವನು ನಾನು. ಅವೆಲ್ಲ ಒಂದು ಭಾನುವಾರಕ್ಕೆ ಮುಗಿದವು. ಮೂರು ತಿಂಗಳು ನನ್ನನ್ನು ಪರದೇಶಿಯಾಗಿಸಿದ್ದು ಕ್ಷೌರ, ಚಿಲ್ಲರೆ, ಬಸ್ಸು. ಕ್ಷೌರದವನು ಬಟ್ಟೆ ಹೊದಿಸಿ "ಎಷ್ಟನೆಯ ನಂಬರ್?" ಎಂದ. ಸರದಿಯ ನಂಬರಿರಬೇಕೆಂದು, ನನಗಿಂತ ಮುಂಚೆ ಒಬ್ಬನೇ ಇದ್ದುದರಿಂದ, "ಎರಡು" ಎಂದೆ. ಅದು ಕೂದಲು ಕತ್ತರಿಸುವ ಯಂತ್ರದ ನಂಬರೆಂದು ತಿಳಿಯುವ ಹೊತ್ತಿಗೆ ತಲೆ ಭತ್ತ ಕೊಯ್ದ ಗದ್ದೆಯಾಗಿತ್ತು. ಅಂಗಡಿಯಲ್ಲಿ 4.99 ಡಾಲರಿನ ಬ್ರೆಡ್ಡಿಗೆ ಐದರ ನೋಟು ಕೊಟ್ಟು ಒಂದು ಸೆಂಟಿಗಾಗಿ ಗಂಭೀರವಾಗಿ ನಿಂತೆ. ಐದು ಸೆಂಟಿನ ನಾಣ್ಯವನ್ನೂ 2006ರಲ್ಲೇ ಕೈಬಿಟ್ಟ ದೇಶದಲ್ಲಿ ಒಂದು ಸೆಂಟು ಎಲ್ಲಿಂದ ಬರಬೇಕು? ನಮ್ಮ ಊರಾದರೆ ಒಂದು ಚಾಕೊಲೇಟನ್ನಾದರೂ ಕೈಗಿಡುತ್ತಿದ್ದರು.

ಒಂದು ದಿನ ವೈಟಾಕೆರೆ ಬೆಟ್ಟಗಳ ಕಾಡಿಗೆ ಹೋದೆವು. ದಾರಿಯ ಬಾಯಲ್ಲೇ ಗೇಟು! ಗೇಟಿನಲ್ಲಿ ಬ್ರಷ್ಷು, ಔಷಧಿ ನೀರು. ಅಲ್ಲಿನ ದೈತ್ಯ ಕೌರಿ ಮರಗಳನ್ನು ಬೇರಿನಿಂದ ಕೊಲ್ಲುವ ರೋಗವೊಂದು ಬೂಟಿನ ಮಣ್ಣಿನಲ್ಲಿ ಸಾಗುತ್ತದಂತೆ. ಕಾರಣ ಫೈಟಾಪ್ತೊರ ಎಂಬ ರೋಗಾಣು, ನಮ್ಮ ಮೆಣಸಿನ ಬಳ್ಳಿಯನ್ನು ವಾರದಲ್ಲಿ ಒಣಗಿಸುವ ಸೊರಗು ರೋಗದ ದಾಯಾದಿ. ಯಾರೂ ಹೇಳುವ ಮೊದಲೇ ಬೂಟು ಉಜ್ಜಲು ಬಗ್ಗಿದೆ. ಕಾವಲಿಗೆ ಯಾರೂ ಇರಲಿಲ್ಲ ಎಂಬುದನ್ನು ಆಮೇಲೆ ಗಮನಿಸಿದೆ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಕಂಡಕ್ಟರ್ ಇಲ್ಲ. ಹತ್ತುವಾಗಲೂ ಇಳಿಯುವಾಗಲೂ ಯಂತ್ರಕ್ಕೆ ಕಾರ್ಡು ಮುಟ್ಟಿಸಬೇಕು. ಇಳಿಯುವಾಗ ಶಾಲೆಯ ಮಕ್ಕಳಿಂದ ಹಿಡಿದು ಮುದುಕಿಯರವರೆಗೆ ಎಲ್ಲರೂ ಡ್ರೈವರಿಗೆ "ಥ್ಯಾಂಕ್ಯೂ" ಎಂದು ಕೂಗಿ ಹೇಳುತ್ತಾರೆ. ಮೊದಲ ವಾರ ನನಗೆ ನಾಚಿಕೆ, ಎರಡನೆಯ ವಾರ ಗೊಣಗು, ಮೂರನೆಯ ವಾರಕ್ಕೆ ನನ್ನ ದನಿಯೇ ಎಲ್ಲಕ್ಕಿಂತ ದೊಡ್ಡದು.

ವಾಪಸು ಬೆಂಗಳೂರಿನಲ್ಲಿ ಹಸಿರು ಚಾನೆಲ್ಲಿನಲ್ಲಿ ಯಾರೂ ಏನೂ ಕೇಳಲಿಲ್ಲ. ಬೂಟನ್ನು ಅಷ್ಟು ಚೆನ್ನಾಗಿ ತೊಳೆದು ತಂದಿದ್ದೆ, ನೋಡುವವರಿಲ್ಲ. ಮಡಿಕೇರಿ ಬಸ್ಸು ಹಿಡಿದು, ಕುಶಾಲನಗರದ ಸೇತುವೆಯಲ್ಲಿ ಕೆಂಪಾಗಿ ತುಂಬಿ ಹರಿಯುತ್ತಿದ್ದ ಕಾವೇರಿಯನ್ನು ದಾಟಿ, ಸುಂಟಿಕೊಪ್ಪದಲ್ಲಿ ಮಳೆಯಲ್ಲೇ ಇಳಿದೆ. ಇಳಿಯುವ ಮೊದಲು ಜೇಬಿನಿಂದ ಕಾರ್ಡು ತೆಗೆಯಲು ಹೋಗಿ ಕೈ ಹಿಂತೆಗೆದೆನಾದರೂ ಬಾಯಿ ಕೇಳಲಿಲ್ಲ. "ಥ್ಯಾಂಕ್ಯೂ ಡ್ರೈವರ್!" ಎಂದು ಕೂಗಿದೆ. ಹೊರಟಿದ್ದ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಹಾಕಿ, "ಏನು ಸಾರ್, ಲಗೇಜು ಬಿಟ್ಟಿರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಸೀಟಿನ ಕೆಳಗೆ ಹುಡುಕಲು ಒಳಗೆ ಓಡಿದ.