ತಿಳಿವಳಿಕೆಯುಳ್ಳ ಗ್ರಾಹಕರಿಗೆ ಒಂದು ಸವಿನಯ ಸೂಚನೆ

ಕ್ರೆಡಿಟ್ ಕಾರ್ಡಿನ ಬಡ್ಡಿ ಶೇ. 3.5ರಿಂದ ಶೇ. 3.75ಕ್ಕೆ ಏರಿದೆ ಎಂಬ ಸಂದೇಶ ಮೊಬೈಲಿಗೆ ಬಂದಾಗ ಗ್ರಾಹಕರು ಕೋಪಗೊಳ್ಳುವ ಮೊದಲು ಆ ಒಕ್ಕಣೆಯ ನಯವನ್ನು ಮೆಚ್ಚಬೇಕು. ಕಾಲು ರೂಪಾಯಿಗಾಗಿ ಜಗಳಕ್ಕೆ ನಿಲ್ಲುವವರು ಯಾರಿದ್ದಾರೆ? ಅದು ತಿಂಗಳ ಲೆಕ್ಕವೆಂದೂ, ವರ್ಷಕ್ಕೆ ಶೇ. 42 ಇದ್ದದ್ದು ಈಗ 45 ಆಗಿದೆಯೆಂದೂ ಗುಣಿಸಿ ನೋಡುವ ಕೆಟ್ಟ ಚಾಳಿ ಎಲ್ಲರಿಗೂ ಇರುವುದಿಲ್ಲ. ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಬಡ್ಡಿ ಹೇಳುವುದು ನಮ್ಮ ಊರುಗಳ ಕೈಸಾಲದ ಪದ್ಧತಿ. ಗಾಜಿನ ಕಟ್ಟಡಗಳಲ್ಲಿ ಕುಳಿತವರು ಅದನ್ನು ಇಂದಿಗೂ ಉಳಿಸಿಕೊಂಡು ಬಂದಿರುವುದು ಸಂತೋಷದ ಸಂಗತಿ.

ಆದರೆ ಕೈಸಾಲ ಕೊಡುವವನ ಪಾಡು ಬೇರೆ. ಕರ್ನಾಟಕದಲ್ಲಿ ಪರವಾನಗಿ ಪಡೆದ ಲೇವಾದೇವಿಗಾರನು ಅಡಮಾನವಿದ್ದರೆ ವರ್ಷಕ್ಕೆ ಶೇ. 14, ಇಲ್ಲದಿದ್ದರೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಕೇಳುವಂತಿಲ್ಲ. ಮೀಟರ್ ಬಡ್ಡಿಯವರನ್ನು ಜೈಲಿಗೆ ಕಳಿಸಲೆಂದು 2004ರ ಪ್ರತ್ಯೇಕ ಕಾಯ್ದೆಯೂ ಇದೆ. ಶೇ. 45 ಎಂದು ಅವನು ಬಾಯಿಬಿಟ್ಟರೆ ಮನೆ ಬಾಗಿಲಿಗೆ ಪೊಲೀಸರು ಬರುತ್ತಾರೆ. ಅದೇ ಅಂಕಿಯನ್ನು ಬ್ಯಾಂಕು ಹೇಳಿದರೆ ಜೊತೆಗೆ ಸಿನಿಮಾ ಟಿಕೆಟ್ಟಿನ ಮೇಲೆ ರಿಯಾಯಿತಿ ಬರುತ್ತದೆ.

ಇದನ್ನು ಯಾರೂ ಪ್ರಶ್ನಿಸಲಿಲ್ಲವೆಂದಲ್ಲ. ಬಾಕಿ ಉಳಿಸಿಕೊಂಡ ಕಾರ್ಡುದಾರರಿಂದ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರ ಜುಲೈನಲ್ಲಿ ಹೇಳಿತ್ತು. (ಹಾಗಾದರೆ ಶೇ. 30 ಉಚಿತವೇ ಎಂದು ಕೇಳುವ ಧೈರ್ಯ ಆಗ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ.) ಬ್ಯಾಂಕುಗಳು ಮೇಲ್ಮನವಿ ಸಲ್ಲಿಸಿದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು, ಬಡ್ಡಿದರದ ವಿಚಾರ ರಿಸರ್ವ್ ಬ್ಯಾಂಕಿಗೆ ಸೇರಿದ್ದೇ ಹೊರತು ಆಯೋಗಕ್ಕಲ್ಲ ಎಂದು ಆ ಆದೇಶವನ್ನು ರದ್ದುಗೊಳಿಸಿತು. ಜೊತೆಗೆ ಕಾರ್ಡುದಾರರು ತಮ್ಮ ಸವಲತ್ತು ಮತ್ತು ಬಾಧ್ಯತೆಗಳನ್ನು ಬಲ್ಲ ತಿಳಿವಳಿಕೆಯುಳ್ಳ ಜನ ಎಂಬ ಪ್ರಶಂಸೆಯನ್ನೂ ದಯಪಾಲಿಸಿತು. ಇನ್ನು ರಿಸರ್ವ್ ಬ್ಯಾಂಕು, ಬಡ್ಡಿ ಸಮರ್ಥನೀಯವಾಗಿರಬೇಕೆಂದು ಬೋಧಿಸಿ, ಗರಿಷ್ಠ ಮಿತಿಯನ್ನು ಹಾಕಿಕೊಳ್ಳುವ ಹೊಣೆಯನ್ನು ಬಡ್ಡಿ ತಿನ್ನುವವರಿಗೇ ಒಪ್ಪಿಸಿದೆ.

ಹೀಗೆ ತಿಳಿವಳಿಕೆಯುಳ್ಳವನೆಂದು ಸಾಬೀತಾಗಿರುವ ಗ್ರಾಹಕನಿಗೆ ಆಕ್ಷೇಪಿಸುವ ಹಕ್ಕೇ ಇಲ್ಲವೆನ್ನುವುದು ಅಪಪ್ರಚಾರ. ಶುಲ್ಕ ಬದಲಾಯಿಸಬೇಕಾದರೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು, ಆ ಬದಲಾವಣೆ ಒಗ್ಗದವನು ಯಾವ ಹೆಚ್ಚುವರಿ ಶುಲ್ಕವೂ ಇಲ್ಲದೆ ಕಾರ್ಡನ್ನು ಹಿಂದಿರುಗಿಸಬಹುದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಬರೆದಿದೆ. ಷರತ್ತು ಒಂದೇ: ಬಾಕಿಯನ್ನೆಲ್ಲ ಕಟ್ಟಿರಬೇಕು. ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟುವವನಿಗೆ ದರ ಶೇ. 45 ಆದರೇನು, 450 ಆದರೇನು, ಬಡ್ಡಿಯೇ ಬೀಳದು. ಆದ್ದರಿಂದ ಪ್ರತಿಭಟಿಸುವ ಸಂಪೂರ್ಣ ಸ್ವಾತಂತ್ರ್ಯ ಅವನಿಗಿದೆ. ಕಟ್ಟಲಾಗದೆ ಬಡ್ಡಿ ತೆರುತ್ತಿರುವವನು ಮಾತ್ರ ಮೊದಲು ಪೂರ್ತಿ ಕಟ್ಟಿ, ತನ್ನ ತಕರಾರಿಗೆ ಕಾರಣವೇ ಇಲ್ಲದಂತೆ ಮಾಡಿಕೊಂಡು, ಅನಂತರ ತಕರಾರು ತೆಗೆಯಬೇಕು.

ಅಷ್ಟು ಹಣ ಕೂಡುವವರೆಗೆ, ಬಿಲ್ಲಿನ ಒಂದು ಸಣ್ಣ ಪಾಲನ್ನಷ್ಟೇ ಕಟ್ಟಿ ಉಳಿದದ್ದನ್ನು ಬಡ್ಡಿಗೆ ಬಿಡುವ 'ಕನಿಷ್ಠ ಮೊತ್ತ' ಎಂಬ ಸೌಲಭ್ಯವಿದೆಯಲ್ಲ! ಹತ್ತು ಸಾವಿರ ರೂಪಾಯಿ ಬಾಕಿಗೆ ಹಳೆಯ ಶೇ. 3.5ರ ದರದಲ್ಲಿ ತಿಂಗಳಿಗೆ 350 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 63 ರೂಪಾಯಿ, ಒಟ್ಟು 413. ಕನಿಷ್ಠ ಮೊತ್ತ ಶೇ. 5 ಎಂದಿಟ್ಟುಕೊಂಡರೆ ಕಟ್ಟಿದ 500ರಲ್ಲಿ 87 ರೂಪಾಯಿ ಅಸಲಿಗೆ ಸಂದಾಯವಾಗುತ್ತದೆ. ಹೊಸ ದರದಲ್ಲಿ ಆ 87 ಕೂಡ 57 ರೂಪಾಯಿ 50 ಪೈಸೆಗೆ ಇಳಿಯುತ್ತದೆ. ಈ ನಡುವೆ ಪೂರ್ತಿ ಬಿಲ್ಲು ಕಟ್ಟದ ಅಪರಾಧಕ್ಕಾಗಿ ಹೊಸದಾಗಿ ಕೊಂಡ ಹಾಲು, ತರಕಾರಿಗೂ ಕೊಂಡ ದಿನದಿಂದಲೇ ಬಡ್ಡಿ ಶುರುವಾಗಿರುತ್ತದೆ.

ಬ್ಯಾಂಕುಗಳಿಗೆ ದಂಡವೇ ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಕಾರ್ಡು ರದ್ದತಿಯ ಕೋರಿಕೆಯನ್ನು ಏಳು ಕೆಲಸದ ದಿನಗಳೊಳಗೆ ಪೂರೈಸದ ಬ್ಯಾಂಕು, ಅನಂತರದ ಪ್ರತಿ ದಿನಕ್ಕೂ 500 ರೂಪಾಯಿಯನ್ನು ಗ್ರಾಹಕನಿಗೆ ತೆರಬೇಕು. ಅದೂ ಅವನ ಖಾತೆಯಲ್ಲಿ ಬಾಕಿ ಇಲ್ಲದಿದ್ದರೆ.