ನಾಲ್ಕನೇ ಪಂಪು

"ಮನಸ್ಸು ಖಾಲಿ ಮಾಡ್ಕೋರಿ ಮಾಮಾ, ಬರಹ ತಾನಾ ಬರ್ತದ" ಅಂತ ಅಳಿಯ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದ. ಎರಡು ದಿನದ ಝೆನ್ ಶಿಬಿರಕ್ಕೆ ದುಡ್ಡು ಕಟ್ಟಿ ಬಂದವನು ಅವನು. ನಾನು, ಪ್ರಬಂಧವೊಂದನ್ನು ಕೊಡುತ್ತೇನೆಂದು ಒಪ್ಪಿಕೊಂಡು ಹನ್ನೊಂದು ದಿನದಿಂದ ಬಿಳಿ ಹಾಳೆಯ ಮುಂದೆ ಕೂತವನು. ಖಾಲಿ ಮಾಡಲು ಒಳಗೆ ಏನಾದರೂ ಇದ್ದಿದ್ದರೆ ಅದನ್ನೇ ಬರೆದು ಕಳಿಸುತ್ತಿರಲಿಲ್ಲವೇ?

ಆದರೂ ಮರುದಿನ ಗೋಡೆಗೆ ಮುಖ ಮಾಡಿ ಕೂತೆ. ಝೆನ್ ಪಂಥದ ಮೂಲಗುರು ಬೋಧಿಧರ್ಮ ಒಂಬತ್ತು ವರ್ಷ ಹೀಗೇ ಕೂತಿದ್ದನಂತೆ. ಅವನು ಕೂತದ್ದು ಚೀನಾದ ಬೆಟ್ಟದ ಗವಿಯಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ, ಅದೂ ಮಾಳಿಗೆಯ ಕೋಣೆಯಲ್ಲಿ ಕೂತು ತೋರಿಸಬೇಕಿತ್ತು! ಹತ್ತೇ ನಿಮಿಷಕ್ಕೆ ಬನಿಯನ್ನು ಬೆನ್ನಿಗೆ ಅಂಟಿತು. ಕೂಲರ್ ಹಾಕಿದೆ. ಫ್ಯಾನು ತಿರುಗಿತು, ನೀರು ಏರಲಿಲ್ಲ.

ಈ ತಗಡಿನ ಕೂಲರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬೋರಿನ ಗಡಸು ನೀರು ಕುಡಿದು ಕುಡಿದು ಅದರ ಮೂರೂ ಕಡೆಯ ಹುಲ್ಲು ಸುಣ್ಣ ಬಳಿದ ಗೋಡೆಯಂತಾಗಿದೆ. ಮೂರು ಪಂಪು ನುಂಗಿದೆ. ರಿಪೇರಿಯವನಿಗೆ ಸೋಮವಾರ ಫೋನು ಮಾಡಿದರೆ "ಹೊಂಟೀನ್ರೀ ಸರ್, ಗಾಡಿ ಮ್ಯಾಲೆ ಅದೀನಿ" ಅಂದ. ಆ ಗಾಡಿ ನಮ್ಮ ಓಣಿಗೆ ಮುಟ್ಟಿದ್ದು ಗುರುವಾರ. ಬಂದವನೇ ಕೂಲರಿನ ಎದುರು ಚಕ್ಕಳಮಕ್ಕಳ ಹಾಕಿ, ಒಂದೂ ಮಾತಿಲ್ಲದೆ, ಕಾಲು ಗಂಟೆ ಅದನ್ನೇ ನೋಡುತ್ತ ಕೂತ. ಮುಂದೆ ನಾನೇನು ಬರೆಯುತ್ತೇನೆಂದು ನೀವು ಕಾಯುತ್ತಿದ್ದೀರೋ ಅದು ನನಗೆ ಗೊತ್ತು. ಗುರು ಮನೆ ಬಾಗಿಲಿಗೇ ಬಂದ, ನನ್ನ ಕಣ್ಣು ತೆರೆಯಿತು, ಇತ್ಯಾದಿ. ಇಲ್ಲ ಸ್ವಾಮಿ. ಅವನು ಮಾತಾಡದೆ ಇದ್ದದ್ದು ಬಾಯಿ ತುಂಬ ಗುಟ್ಕಾ ಇದ್ದದ್ದಕ್ಕೆ. ಹೊರಗೆ ಹೋಗಿ ನಮ್ಮ ತುಳಸಿಕಟ್ಟೆಯ ಪಕ್ಕವೇ ಉಗಿದು ಬಂದು, ನಾಲ್ಕನೇ ಪಂಪು ಕೂರಿಸಿ, ಐದುನೂರೈವತ್ತು ತಗೊಂಡ. ಪಂಪು ಶನಿವಾರದ ತನಕ ನಡೆಯಿತು. ಆಮೇಲೆ ಅವನು ಫೋನೇ ಎತ್ತಲಿಲ್ಲ. "ಎಲ್ಲಾ ಅನಿತ್ಯ ಮಾಮಾ" ಅಂದ ಅಳಿಯ. ಅವನ ಮನೆಯಲ್ಲಿ ಏಸಿ ಇದೆ.

ಝೆನ್ ಅಂದರೆ ನಮ್ಮ 'ಧ್ಯಾನ'ವೇ. ಚೀನಾದಲ್ಲಿ 'ಚಾನ್' ಆಗಿ, ಜಪಾನಿನಲ್ಲಿ 'ಝೆನ್' ಆಗಿ, ಈಗ ಶಿಬಿರದ ಫೀಜು ಸೇರಿಸಿಕೊಂಡು ವಾಪಸು ಬಂದಿದೆ. ಬುದ್ಧನ ಹೆಸರಂತೂ ನಮ್ಮ ಜಿಲ್ಲೆಗೆ ಹೊಸದಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇದೆ, ಬುದ್ಧನ ಅನುಯಾಯಿ ಎಂಬ ಮಾತೂ ಇದೆ.

ಆದರೆ ನನಗೆ ಹತ್ತಿರದವನು ಬಳ್ಳಾರಿಯಾಚೆ, ಅದೇ ಅಶೋಕನ ಬ್ರಹ್ಮಗಿರಿಯ ಶಾಸನ ಬರೆದ ಲಿಪಿಕಾರ, ಚಪಡ. ತಂದೆತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು ಎಂಬ ರಾಜನ ಧರ್ಮವನ್ನೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು ಮುಗಿಸಿದ. ಮುಗಿಸಿ ಸುಮ್ಮನಿರಬಹುದಿತ್ತಲ್ಲ? 'ಚಪಡ ಬರೆದದ್ದು' ಅಂತ ಸೇರಿಸಿದ. ಅಷ್ಟಕ್ಕೂ ತೃಪ್ತಿಯಾಗದೆ 'ಲಿಪಿಕಾರ' ಎಂಬುದನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಆ ಬೆಟ್ಟದ ಸುತ್ತ ಅದನ್ನು ಓದುವವರು ಯಾರಿದ್ದರೋ! ನನಗೆ ಇನ್ನೊಂದು ಲಿಪಿಯೂ ಬರುತ್ತದೆ ನೋಡ್ರಪ್ಪಾ, ಅಷ್ಟೇ. 'ನಾನು' ಕರಗಬೇಕು ಅನ್ನುತ್ತಾನೆ ಅಳಿಯ. ಚಪಡನದು ಎರಡು ಸಾವಿರ ವರ್ಷದ ಮಳೆಗೂ ಕರಗಿಲ್ಲ.

ರಾತ್ರಿ ಮತ್ತೆ ಫೋನು ಬಂತು.

"ಎಷ್ಟು ಬರದ್ರಿ ಮಾಮಾ?"

ಹಾಳೆ ನೋಡಿದೆ. ಮೇಲ್ಗಡೆ ನನ್ನ ಹೆಸರಿತ್ತು, ಇನಿಶಿಯಲ್ ಸಮೇತ.

"ಶುರು ಆಗ್ಯದ" ಅಂದೆ.